‘ಸಜೆಸ್ಟ್’ ಮಾಡುವ ಫಜೀತಿ

ಚೀನಾದ ವಿದ್ಯಾರ್ಥಿಗಳ ಇಂಗ್ಲಿಷ್ ಪ್ರಬಂಧಗಳಲ್ಲಿ ‘ಐ ಸಜೆಸ್ಟೆಡ್ ಹಿಮ್ ಟು ಗೋ’ ಎಂಬಂಥ ವಾಕ್ಯ ಆಗಾಗ ಕಾಣುತ್ತದೆ. ಅಂಕ ಹೋಗುತ್ತದೆ. ಆದರೆ ಇದು ಅಜಾಗರೂಕತೆಯ ತಪ್ಪಲ್ಲ. ಸಲಹೆ ಮಾಡು ಎಂಬುದಕ್ಕೆ ಚೀನೀ ಭಾಷೆಯಲ್ಲಿ ‘ಜಿಯೆನ್‌ಯಿ’ ಎನ್ನುತ್ತಾರೆ. ‘ವೋ ಜಿಯೆನ್‌ಯಿ ಥಾ ಛ್ಯು’, ಅಂದರೆ ನಾನು, ಸಲಹೆ ಮಾಡು, ಅವನು, ಹೋಗು. ಪದಗಳನ್ನು ಹೀಗೆ ಸಾಲಾಗಿ ಇಟ್ಟರೆ ಅಲ್ಲಿ ವಾಕ್ಯ ಮುಗಿಯಿತು. ಸಾಲದ್ದಕ್ಕೆ, ‘ಐ ಟೋಲ್ಡ್ ಹಿಮ್ ಟು ಗೋ’ ಎಂಬುದು ಇಂಗ್ಲಿಷಿನಲ್ಲಿ ಸರಿಯೇ!

ಇಂಥವರು ಇಂಥದ್ದು ಮಾಡಲಿ ಎಂದು ಶಿಷ್ಟ ಇಂಗ್ಲಿಷಿನಲ್ಲಿ ಬರೆಯುವಾಗ ‘ಸಜೆಸ್ಟ್’ ಜೊತೆಗೆ ‘ದಟ್’ ಬೇಕು: ‘ಐ ಸಜೆಸ್ಟೆಡ್ ದಟ್ ಹಿ ಗೋ’. ‘ಗೋಸ್’ ಅಲ್ಲ, ‘ವೆಂಟ್’ ಅಲ್ಲ, ಬರಿಯ ‘ಗೋ’. ಚೀನೀ ಕ್ರಿಯಾಪದ ಕರ್ತೃವಿಗೆ ತಕ್ಕಂತೆಯಾಗಲಿ ಕಾಲಕ್ಕೆ ತಕ್ಕಂತೆಯಾಗಲಿ ರೂಪ ಬದಲಿಸುವುದಿಲ್ಲ. ಆದ್ದರಿಂದಲೇ ‘ಹಿ ಗೋ ಟು ಸ್ಕೂಲ್’ ಎಂದು ಬರೆದು ಬೈಸಿಕೊಳ್ಳುವ ಹುಡುಗನಿಗೆ, ಇಲ್ಲಿ ಅದೇ ‘ಹಿ ಗೋ’ ಸರಿ ಎಂದರೆ ಪಾಪ, ನಂಬುವುದು ಹೇಗೆ? ‘ಹಿ ಶುಡ್ ಗೋ’ ಎಂದು ಬರೆದರೂ ಸರಿಯೇ.

‘ಅವನಿಗೆ ಹೋಗಲು ಸೂಚಿಸಿದೆ’ ಎಂದು ಯೋಚಿಸುವ ಕನ್ನಡದ ಮಕ್ಕಳೂ ಇದೇ ಹಳ್ಳಕ್ಕೆ ಬೀಳುತ್ತಾರೆ. ‘ಅವನು ಹೋಗಲಿ ಎಂದು ಸೂಚಿಸಿದೆ’ ಎಂದುಕೊಂಡರೆ, ಆ ‘ಎಂದು’ ಇರುವಲ್ಲಿ ‘ದಟ್’ ತಾನಾಗಿ ಬಂದು ಕೂರುತ್ತದೆ.