ಊರನ್ನು ಬಿಟ್ಟ ಪೌರನೀತಿ

ನಮ್ಮ ಪ್ರೌಢಶಾಲೆಗಳಲ್ಲಿ ಪೌರನೀತಿಯ ಪಾಠವು ದೆಹಲಿಯಲ್ಲಿ ಆರಂಭವಾಗಿ ಬೆಂಗಳೂರಿಗೆ ಬಂದು ದಣಿಯುತ್ತದೆ. ಸ್ಥಳೀಯ ಸ್ವರಾಜ್ಯವನ್ನು ಕುರಿತ ಅಧ್ಯಾಯವೊಂದು ಪುಸ್ತಕದಲ್ಲಿದೆ, ನಿಜ. ಆದರೆ ಅದು ಯಾವ ಊರಿನದೂ ಅಲ್ಲದ ಪಂಚಾಯತಿಯೊಂದರ ವರ್ಣನೆ. ರಾಷ್ಟ್ರಪತಿಗಳ ಅಧಿಕಾರಗಳನ್ನು ತಡವರಿಸದೆ ಒಪ್ಪಿಸುವ ವಿದ್ಯಾರ್ಥಿಗೆ ತನ್ನೂರಿನ ಗ್ರಾಮಸಭೆ ಎಲ್ಲಿ ಕೂಡುತ್ತದೆ, ಅಲ್ಲಿ ಯಾರು ಮಾತನಾಡಬಹುದು ಎಂಬುದು ತಿಳಿದಿರುವುದಿಲ್ಲ. ಇತಿಹಾಸದ ಗತಿಯೂ ಇದೇ. ಪಾಣಿಪತ್ತದ ಮೂರು ಯುದ್ಧಗಳ ಇಸವಿಗಳು ಬಾಯಿಪಾಠವಾಗಿರುತ್ತವೆ. ಅಗಸೆಯ ಬಳಿ ನಿಂತ ವೀರಗಲ್ಲು ಏನು ಹೇಳುತ್ತದೆಂದು ಕೇಳಿದರೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇದರಲ್ಲಿ ಮಕ್ಕಳ ದೋಷವೇನೂ ಇಲ್ಲ.

ಇದನ್ನು ಕೇವಲ ಪಠ್ಯಕ್ರಮದ ಕೊರತೆಯೆಂದು ಎಣಿಸುವಂತಿಲ್ಲ. ಸಂವಿಧಾನದ 61ನೆಯ ತಿದ್ದುಪಡಿಯು 1989ರ ಮಾರ್ಚ್ 28ರಂದು ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹತ್ತನೆಯ ತರಗತಿ ಮುಗಿಸಿ ನಮ್ಮ ಬಾಗಿಲು ದಾಟಿದವನು ಎರಡು ಮೂರು ವರ್ಷಗಳಲ್ಲಿ ಮತದಾರನಾಗುತ್ತಾನೆ. 2022ರಿಂದ ಈಚೆಗೆ ಮತದಾರರ ಪಟ್ಟಿಗೆ ಸೇರಲು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕು ತಿಂಗಳ ಮೊದಲ ದಿನಗಳು ಅರ್ಹತಾ ದಿನಾಂಕಗಳಾಗಿವೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಸಲ್ಲಿಸಬಹುದು. ಕಾಲೇಜಿನ ಮೆಟ್ಟಿಲು ಹತ್ತದ ಮಕ್ಕಳು ನಮ್ಮಲ್ಲಿ ಕಡಿಮೆಯೇನಲ್ಲ. ಅವರ ಪಾಲಿಗೆ ಪೌರಜೀವನದ ಕೊನೆಯ ಗುರುಗಳು ನಾವೇ. ನಾವು ಕಲಿಸದೆ ಬಿಟ್ಟುದನ್ನು ಚುನಾವಣೆಯ ಹಿಂದಿನ ರಾತ್ರಿ ಬೇರೆಯವರು ಬಂದು ಕಲಿಸುತ್ತಾರೆ. ಅವರ ಪಾಠದಲ್ಲಿ ಜಾತಿಯಿರುತ್ತದೆ, ನೋಟಿರುತ್ತದೆ.

ಊರಿನಿಂದಲೇ ಪೌರನೀತಿಯನ್ನು ಕಲಿಸುವುದು ಹೇಗೆ ಎಂಬುದಕ್ಕೆ ನಮ್ಮ ಸೀಮೆಯ ನಿದರ್ಶನವೊಂದನ್ನೇ ತೆಗೆದುಕೊಳ್ಳೋಣ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಸ್ಥಾಪನೆಯಾಯಿತು. ಈ ಬಗೆಯ ಸಂಘಗಳಲ್ಲಿ ಅದೇ ದೇಶಕ್ಕೆ ಮೊದಲನೆಯದೆಂಬ ಹೆಮ್ಮೆಯ ಮಾತು ನಮ್ಮ ವೇದಿಕೆಗಳ ಮೇಲೆ ಆಗಾಗ್ಗೆ ಕೇಳಿಬರುತ್ತದೆ. ಆ ಹೆಮ್ಮೆಯಾಚೆ ಮಕ್ಕಳಿಗೆ ತಿಳಿಯಬೇಕಾದುದು ಬಹಳವಿದೆ. 1904ರ ಕಾಯಿದೆಯ ಪ್ರಕಾರ ಗ್ರಾಮೀಣ ಸಂಘಗಳ ಸದಸ್ಯರ ಹೊಣೆ ಅಪರಿಮಿತವಾಗಿತ್ತು; ಸಂಘ ಮುಳುಗಿದರೆ ಸಾಲವನ್ನೇ ಪಡೆಯದ ಸದಸ್ಯನ ಹೊಲಮನೆಗೂ ಬಿಸಿ ತಟ್ಟುವಂತಿತ್ತು. ಆದುದರಿಂದ ಯಾರಿಗೆ ಸಾಲ ಕೊಡಬೇಕು, ಯಾರನ್ನು ಆಡಳಿತಕ್ಕೆ ಆರಿಸಬೇಕು ಎಂಬ ಪ್ರಶ್ನೆಗಳನ್ನು ರೈತನು ನಿದ್ದೆಗಣ್ಣಿನಲ್ಲಿ ತೀರ್ಮಾನಿಸುವಂತಿರಲಿಲ್ಲ. ಲೆಕ್ಕ ವರ್ಷಕ್ಕೊಮ್ಮೆ ತಪಾಸಣೆಯಾಗಬೇಕಿತ್ತು. ಹತ್ತೆಕರೆಯವನಿಗೂ ನೂರೆಕರೆಯವನಿಗೂ ಅಲ್ಲಿ ಒಂದೇ ಮತ. ದೇಶದ ಶಾಸನಸಭೆಗಳಿಗೆ ಮತ ಹಾಕುವ ಹಕ್ಕು 1935ರ ಕಾಯಿದೆಯ ನಂತರವೂ ಆಸ್ತಿ, ಕಂದಾಯ, ವಿದ್ಯೆಗಳಿಗೆ ಕಟ್ಟುಬಿದ್ದಿದ್ದುದನ್ನು ನೆನೆದರೆ ಇದರ ಬೆಲೆ ತಿಳಿದೀತು. ಹೊಣೆ, ಲೆಕ್ಕ, ಮತ ಎಂಬ ಮೂರು ಮಾತುಗಳು ಈ ಕಥೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡಿರುವಂತೆ ಯಾವ ಪಠ್ಯಪುಸ್ತಕದ ವ್ಯಾಖ್ಯೆಯಲ್ಲೂ ಹೆಣೆದುಕೊಂಡಿಲ್ಲವೆಂದು ನನ್ನ ಅಭಿಪ್ರಾಯ.

ಇನ್ನೂ ಹತ್ತಿರದ ಇತಿಹಾಸವೂ ಉಂಟು. 1983ರ ಕಾಯಿದೆಯನ್ವಯ 1987ರ ಜನವರಿಯಲ್ಲಿ ಮಂಡಲ ಪಂಚಾಯತಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ನಾಲ್ಕನೆಯ ಒಂದರಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿದ್ದವು. ಇದರ ಹಿಂದಿದ್ದ ಸಚಿವ ಅಬ್ದುಲ್ ನಜೀರ್ ಸಾಬ್ ಅವರನ್ನು ಕೊಳವೆ ಬಾವಿ ಕಂಡ ಹಳ್ಳಿಗರು 'ನೀರ್ ಸಾಬ್' ಎಂದೇ ಕರೆದರು. 73ನೆಯ ತಿದ್ದುಪಡಿ ದೇಶಕ್ಕೆಲ್ಲ ಇಂಥದೊಂದು ವ್ಯವಸ್ಥೆಯನ್ನು ತಂದುದು ಆಮೇಲೆ, 1993ರಲ್ಲಿ. ಆ ಮೊದಲೇ ದಾರಿ ತೋರಿದ ನಾಡಿನಲ್ಲಿ, 2016ರಲ್ಲಿ ಚುನಾಯಿತವಾಗಿ 2021ರಲ್ಲಿ ಅವಧಿ ತೀರಿದ ಜಿಲ್ಲಾ ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಹೋಯಿತು. ಆ ಅವಧಿಯಲ್ಲಿ ಹದಿನೆಂಟು ತುಂಬಿದ ಹುಡುಗ ಹುಡುಗಿಯರಿಗೆ ತಾವು ಕಳೆದುಕೊಂಡುದೇನೆಂಬ ಅರಿವಾದರೂ ಇತ್ತೇ? ಅವರಿಗೆ ಆ ಚರಿತ್ರೆಯನ್ನು ಹೇಳಿದವರು ಯಾರು?

ಶಾಲೆಯೊಳಗೆ ರಾಜಕೀಯ ನುಸುಳೀತೆಂಬ ಅಂಜಿಕೆ ಕೆಲವು ಅಧ್ಯಾಪಕ ಬಂಧುಗಳಲ್ಲಿದೆ. ಅಂಜಿಕೆ ನಿರಾಧಾರವಲ್ಲ, ಪಕ್ಷದ ಹೆಸರನ್ನು, ಅಭ್ಯರ್ಥಿಯ ಹೆಸರನ್ನು ತರಗತಿಯಲ್ಲಿ ಎತ್ತಕೂಡದು. ಪಂಚಾಯತಿಯ ಆಯವ್ಯಯ ಪತ್ರವನ್ನು ಗಣಿತದ ಲೆಕ್ಕದಂತೆ ಓದಿಸುವುದು ಪಕ್ಷ ರಾಜಕೀಯವಾಗುವುದಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು, ಮನೆ ಮಂಜೂರಾತಿಯ ಫಲಾನುಭವಿಗಳ ಆಯ್ಕೆ ಅಲ್ಲಿಯೇ ಆಗಬೇಕು ಎಂದು ತಿಳಿಸುವುದೂ ಅಲ್ಲ. (ಮತದಾರರ ಪಟ್ಟಿಯನ್ನು ಹಿಡಿದು ಮನೆಮನೆ ತಿರುಗುವ ಕೆಲಸ ಅನೇಕ ಶಿಕ್ಷಕರ ಹೆಗಲಿಗೇ ಬಿದ್ದಿದೆ, ಆ ಪಟ್ಟಿ ಹೇಗೆ ಸಿದ್ಧವಾಗುತ್ತದೆಂದು ಅವರಿಗಿಂತ ಚೆನ್ನಾಗಿ ಹೇಳಬಲ್ಲವರಾರು?) ಶಾಲಾ ಸಂಸತ್ತಿನ ಚುನಾವಣೆಯನ್ನಾದರೂ ಗುಟ್ಟಿನ ಮತದಾನದಿಂದ ನಡೆಸಬೇಕು. ಗುರುಗಳು ಮೊದಲೇ ಆರಿಸಿಟ್ಟ ನಾಯಕನಿಗೆ ಕೈಯೆತ್ತಿಸುವುದರಿಂದ ಮಕ್ಕಳು ಕಲಿಯುವುದು ಕೈಯೆತ್ತುವುದನ್ನು ಮಾತ್ರ.

ಇದಕ್ಕಿಂತ ಕಠಿಣವಾದ ತೊಡಕು ಬೇರೆಯಿದೆ. ಊರ ಇತಿಹಾಸವೆಂದರೆ ಊರ ಹಿರಿಯ ಮನೆತನಗಳ ಪ್ರಶಸ್ತಿಯೆಂದು ತಿಳಿದವರು ಬಹಳ. ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿರುತ್ತದೆ. ಮಣ್ಣು ಹೊತ್ತವರ ಹೆಸರಿರುವುದಿಲ್ಲ. ಆ ಕೆರೆಯ ನೀರನ್ನು ಮುಟ್ಟಗೊಡದೆ ಯಾರನ್ನು ದೂರವಿರಿಸಲಾಗಿತ್ತೆಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ, ಕೇರಿಯ ಮುದುಕಿಯರು ಹೇಳುತ್ತಾರೆ. ವಿದ್ಯಾರ್ಥಿಗಳು ಅವರನ್ನೂ ಕೇಳಿ ಬರೆದು ತರುವಂತಾಗಬೇಕು. ಹಾಗೆ ತಂದಾಗ ನಮ್ಮಲ್ಲಿ ಕೆಲವರಿಗೆ ಇರುಸುಮುರುಸಾದೀತು. ದಾನಿಗಳಾದ ಮಹನೀಯರು ಅದನ್ನು ಸಹಿಸಿಕೊಳ್ಳಬೇಕೆಂದು ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಅನ್ನ, ಅಕ್ಷರಗಳಿಗೆ ಪಂಕ್ತಿಭೇದವಿಲ್ಲವೆಂದು ನಂಬಿ ಕಟ್ಟಿದ ಶಾಲೆಯಲ್ಲಿ ಇತಿಹಾಸಕ್ಕೆ ಮಾತ್ರ ಪಂಕ್ತಿಭೇದವಿರುವುದು ಶೋಭಿಸದು.

ಇದಕ್ಕೆ ದೊಡ್ಡ ವೆಚ್ಚ ಬೇಕಾಗಿಲ್ಲ. ಒಂಬತ್ತನೆಯ ತರಗತಿಯ ಪ್ರತಿಯೊಂದು ಊರಿನ ಮಕ್ಕಳ ಗುಂಪಿಗೆ ಒಂದೊಂದು ದಪ್ಪ ಪುಸ್ತಕ ಕೊಟ್ಟು, ಊರ ನಕ್ಷೆ, ಶಾಸನದ ಪಾಠ, ಹಿರಿಯರ ಹೇಳಿಕೆ, ಪಂಚಾಯತಿಯ ಆದಾಯ ವೆಚ್ಚಗಳನ್ನು ವರ್ಷವಿಡೀ ಬರೆಸಿದರಾಯಿತು. ಮರುವರ್ಷದ ತಂಡ ಅದನ್ನೇ ಮುಂದುವರಿಸಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಪಂಚಾಯತಿಯ ಸದಸ್ಯರಾದವರು, ಸಹಕಾರ ಸಂಘದ ಕಾರ್ಯದರ್ಶಿಗಳಾದವರು ಇದ್ದಾರೆ. ವರ್ಷಕ್ಕೊಂದು ದಿನ ಬಂದು ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಡಲಿ. ಮನೆಯ ಅಟ್ಟದಲ್ಲಿ ಹಳೆಯ ಕಂದಾಯದ ಪಾವತಿ, ಸಂಘದ ಠರಾವಿನ ಪುಸ್ತಕ, ಹಿಂದಿನ ಮತಪತ್ರದ ಮಾದರಿ ಮೊದಲಾದವು ಇದ್ದವರು ಗೆದ್ದಲು ಹತ್ತುವ ಮೊದಲು ಶಾಲೆಗೆ ತಲುಪಿಸಿದರೆ, ಗ್ರಂಥಾಲಯದ ಒಂದು ಕಪಾಟನ್ನು ಅವುಗಳಿಗೆಂದೇ ತೆರವು ಮಾಡಿಸಬಹುದು.