ಗ್ರಾಮಫೋನಿನ ಗತಿ

ಅಟ್ಟದ ಮೇಲೆ ಹಲವು ವರ್ಷ ಧೂಳು ಹಿಡಿದು ಕುಳಿತಿದ್ದ ಗ್ರಾಮಫೋನನ್ನು ಕೆಳಗಿಳಿಸಿ, ಕೀಲಿ ಕೊಟ್ಟು, ತಟ್ಟೆಯ ಮೇಲೆ ಮುಳ್ಳನ್ನು ಊರಿದಾಗ ಹಾಡೇನೋ ಹೊರಡುತ್ತದೆ. ಆದರೆ ಗಾಯಕನ ಕಂಠ ಒಮ್ಮೆ ನಿದ್ದೆಗಣ್ಣಿನವನದರಂತೆ ಎಳೆಯುತ್ತದೆ, ಮತ್ತೊಮ್ಮೆ ಅವಸರದಿಂದ ಕೀಚಲಾಗುತ್ತದೆ. ಆಗ ಬಹುಮಂದಿ ಮಾಡುವ ಮೊದಲ ಕೆಲಸವೆಂದರೆ ವೇಗದ ಗುಂಡಿಯನ್ನು ತಿರುಗಿಸುವುದು. ಈ ಅಭ್ಯಾಸ ಎಷ್ಟು ಸಾಮಾನ್ಯವೋ ಅಷ್ಟೇ ಅವಿವೇಕದ್ದು. ರೋಗವನ್ನು ಹಾಗೆಯೇ ಉಳಿಸಿ ಅದರ ಲಕ್ಷಣವನ್ನು ಮಾತ್ರ ಮರೆಮಾಡುವ ಉಪಾಯ ಅದು.

'ಹಿಸ್ ಮಾಸ್ಟರ್ಸ್ ವಾಯ್ಸ್' ಸಂಸ್ಥೆ 1931ರಲ್ಲಿ ಹೊರತಂದ 102ನೆಯ ಮಾದರಿಯಂತಹ ಕೈಪೆಟ್ಟಿಗೆಗಳಿಗೆ ವಿದ್ಯುತ್ತಿನ ಹಂಗಿಲ್ಲ. ಸುರುಳಿ ಸುತ್ತಿದ ಉಕ್ಕಿನ ಪಟ್ಟಿ ಬಿಚ್ಚಿಕೊಳ್ಳುವ ಬಲವೇ ತಟ್ಟೆಯನ್ನು ತಿರುಗಿಸುತ್ತದೆ. ಆ ಬಲ ಮೊದಲು ಹೆಚ್ಚು, ಕೊನೆಗೆ ಕಡಿಮೆ. ಆದರೂ ವೇಗ ಒಂದೇ ಸಮನಾಗಿರಬೇಕಷ್ಟೆ! ಅದನ್ನು ಸಾಧಿಸುವುದು ವೇಗನಿಯಂತ್ರಕವೆಂಬ ಪುಟ್ಟ ಅಂಗ. ತಿರುಗುವ ಕಡ್ಡಿಯೊಂದಕ್ಕೆ ತೆಳುವಾದ ಪಟ್ಟಿಗಳ ಮೂಲಕ ಲೋಹದ ಮೂರು ಗುಂಡುಗಳನ್ನು ಜೋಡಿಸಿರುತ್ತಾರೆ. ವೇಗ ಏರಿದರೆ ಗುಂಡುಗಳು ಹೊರಕ್ಕೆ ಚಿಮ್ಮಿ ಬಿಲ್ಲೆಯೊಂದನ್ನು ಎಳೆಯುತ್ತವೆ. ಬಿಲ್ಲೆ ಮೆತ್ತನೆಯ ತಡೆಗೆ ಉಜ್ಜಿ ವೇಗವನ್ನು ತಗ್ಗಿಸುತ್ತದೆ. ಗುಂಡಿಯನ್ನು ತಿರುಗಿಸಿದಾಗ ಸರಿಯುವುದು ಈ ತಡೆಯ ಸ್ಥಾನ ಮಾತ್ರ.

ದೋಷವಿರುವುದು ಸಾಮಾನ್ಯವಾಗಿ ಬೇರೆಡೆ. ವರ್ಷಗಳು ಕಳೆದಂತೆ ಎಣ್ಣೆ ಒಣಗಿ ಅಂಟಾಗುತ್ತದೆ, ಮೆತ್ತನೆಯ ತಡೆ ಗಟ್ಟಿಯಾಗಿ ಬಿಲ್ಲೆಯನ್ನು ತಡವರಿಸಿ ಹಿಡಿಯುತ್ತದೆ. ಗುಂಡುಗಳ ಪಟ್ಟಿಯೊಂದು ಸೀಳಿದರೆ ಕಂಠವೇ ನಡುಗುತ್ತದೆ. ಸುರುಳಿಯ ನಡುವಿನ ಜಿಡ್ಡು ಹೆಪ್ಪುಗಟ್ಟಿದಾಗಲಂತೂ ಅದು ಅಂಟಿಕೊಂಡು, ಒಮ್ಮೆಲೇ ಬಿಟ್ಟುಕೊಂಡು ಪೆಟ್ಟಿಗೆಯೊಳಗೆ ಧಡ್ಡೆಂದು ಸದ್ದು ಮಾಡುತ್ತದೆ. ಹಳೆಯ ಜಿಡ್ಡನ್ನು ಒರೆಸಿ, ತೆಳುವಾದ ಎಣ್ಣೆಯನ್ನು ಹನಿಯಾಗಿ ಬಿಟ್ಟು, ತಡೆಯನ್ನು ಮೃದುಗೊಳಿಸಿದರೆ ಅನೇಕ ಯಂತ್ರಗಳು ತಾವಾಗಿಯೇ ದಾರಿಗೆ ಬರುತ್ತವೆ. ಸುರುಳಿಯ ಡಬ್ಬಿಯನ್ನು ಮಾತ್ರ ಅನನುಭವಿಗಳು ತೆರೆಯಲಾಗದು. ಅದರ ಉಕ್ಕು ಬಿಡಿಸಿಕೊಂಡು ಹಾರಿದರೆ ಕೈ ಸೀಳುವುದು.

ಸ್ವಲ್ಪ ವೇಗ ಹೆಚ್ಚು ಕಡಿಮೆಯಾದರೇನು ಎಂದು ಕೇಳುವವರೂ ಉಂಟು. ನಿಮಿಷಕ್ಕೆ 78 ಸುತ್ತು ತಿರುಗಬೇಕಾದ ತಟ್ಟೆ 74ಕ್ಕೆ ಇಳಿದರೆ, ಹಾರ್ಮೋನಿಯಂ ಮಣೆಯಲ್ಲಿ ಪಕ್ಕದ ಸ್ವರಕ್ಕೆ ಜಾರಿದಷ್ಟು ಶ್ರುತಿ ಕೆಳಗಿಳಿಯುತ್ತದೆ. ಗಾಯಕನು ಆರಿಸಿಕೊಂಡ ಶ್ರುತಿಯನ್ನು ಬದಲಿಸುವ ಅಧಿಕಾರ ಒಣಗಿದ ಎಣ್ಣೆಗೆ ಇರಕೂಡದು. ಪರೀಕ್ಷೆಯೇನೂ ಕಠಿಣವಲ್ಲ. ತಟ್ಟೆಯ ಅಂಚಿನಡಿ ಕಾಗದದ ಚೂರೊಂದನ್ನು ಸಿಕ್ಕಿಸಿ, ಗಡಿಯಾರ ಹಿಡಿದು ಒಂದು ನಿಮಿಷದ ಸುತ್ತುಗಳನ್ನು ಎಣಿಸಿದರಾಯಿತು. ಎಣಿಸುವಾಗ ಮುಳ್ಳು ತಟ್ಟೆಯ ಮೇಲೆಯೇ ಇರಬೇಕು, ಏಕೆಂದರೆ ಮುಳ್ಳಿನ ಘರ್ಷಣೆಯೂ ವೇಗವನ್ನು ತಗ್ಗಿಸುತ್ತದೆ.

ಹಾಗಾದರೆ ಗುಂಡಿಯ ಉಪಯೋಗವೇನು? ಆರಂಭಕಾಲದ ತಟ್ಟೆಗಳೆಲ್ಲ 78ರ ವೇಗದಲ್ಲಿಯೇ ಮುದ್ರಿತವಾದವುಗಳಲ್ಲ. ಕೆಲವಕ್ಕೆ 70ರ ಆಸುಪಾಸು, ಕೆಲವಕ್ಕೆ 80ಕ್ಕಿಂತ ಹೆಚ್ಚು ಸುತ್ತು ಬೇಕು. ಈ ವ್ಯತ್ಯಾಸಕ್ಕೆ ಹೊಂದಿಸಲು ಗುಂಡಿ ಬೇಕೇ ಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯನವನ್ನು ಮುದ್ರಿಸಿಕೊಟ್ಟು, ಕೊನೆಗೆ ಮೈಸೂರಿನ ಆಸ್ಥಾನದ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಗೌಹರ್ ಜಾನ್ ಅವರು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಆ ಮಾತು ಸಹಜವಾದ ಹೆಣ್ಣುದನಿಯಾಗಿ ಕೇಳುವವರೆಗೆ ಗುಂಡಿಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ವೇಗವನ್ನು ಊಹಿಸಬಹುದು. ಯಂತ್ರವೇ ಓಲಾಡುತ್ತಿದ್ದರೆ ಆ ಊಹೆಗೂ ಆಧಾರವಿರುವುದಿಲ್ಲ.