ಹತ್ತು ಮಂದಿ ನೆರೆಯವರು ಹೋದ ಮೇಲೆ

ವಿಕಾಸ್ ಗೌಡ ಹುಟ್ಟಿದ್ದು ಮೈಸೂರಿನಲ್ಲಿ, 1983ರಲ್ಲಿ. ಬೆಳೆದದ್ದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಡಿಸ್ಕಸ್ ಎಸೆದು ಭಾರತಕ್ಕೆ ಚಿನ್ನ ತಂದುಕೊಟ್ಟವರು. ಅದಕ್ಕೂ ಎಂಟು ವರ್ಷ ಹಿಂದೆ, 2006ರಲ್ಲಿ, ನಾರ್ತ್ ಕೆರೊಲಿನಾ ವಿಶ್ವವಿದ್ಯಾನಿಲಯದ ಪರವಾಗಿ ಎಸೆದು ಅವರು ಇಡೀ ಅಮೆರಿಕದ ಕಾಲೇಜು ಚಾಂಪಿಯನ್ ಆಗಿದ್ದರು.

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಡಿಸ್ಕಸ್ ಎಸೆತ ನೋಡುವುದಕ್ಕೆ ಟಿಕೆಟ್ ಕೊಂಡು ಯಾರು ಬರುತ್ತಾರೆ? ಹೆಚ್ಚೆಂದರೆ ಅಪ್ಪ, ಅಮ್ಮ ಮತ್ತು ಒಬ್ಬಿಬ್ಬರು ಗೆಳೆಯರು. ಆದರೂ ಕೋಚ್‌ಗೆ ಸಂಬಳ, ಮೈದಾನ, ಪ್ರಯಾಣ, ವಿದ್ಯಾರ್ಥಿವೇತನ ಎಲ್ಲವೂ ನಡೆಯಬೇಕು. ಈ ಖರ್ಚು ಎಲ್ಲಿಂದ ಹುಟ್ಟುತ್ತದೆ?

ಅಮೆರಿಕದ ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಇದಕ್ಕೆ ಉತ್ತರ ಫುಟ್‌ಬಾಲ್. ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅವರ ಆಟ. ಅದರ ಹಿಂದೆ ಬ್ಯಾಸ್ಕೆಟ್‌ಬಾಲ್. ದುಡಿಯುವ ಮಗ ಒಬ್ಬ, ಉಣ್ಣುವ ಬಾಯಿ ಹದಿನೈದು ಎಂಬಂಥ ಸಂಸಾರ ಅದು. ಈಜು, ಟೆನಿಸ್, ರೋಯಿಂಗ್, ಓಟ, ಎಸೆತ ಎಲ್ಲವೂ ಬಹುಮಟ್ಟಿಗೆ ಆ ದುಡಿಯುವ ಮಗನ ಅನ್ನವನ್ನೇ ಉಣ್ಣುತ್ತವೆ. ಅವನು ಹೆಚ್ಚಿನ ಸಂಬಳಕ್ಕೆ ಆಸೆಪಟ್ಟು ಊರು ಬಿಟ್ಟರೆ ಉಳಿದವರ ಗತಿ ಏನಾಗುತ್ತದೆ ಎಂಬುದೇ ಈ ವಾರದ ಕಥೆ.

ನಮ್ಮಲ್ಲಿ ಅಂತರ ವಿಶ್ವವಿದ್ಯಾನಿಲಯ ಪಂದ್ಯಗಳಿಗೆ ದೇಶವನ್ನು ವಲಯಗಳಾಗಿ ಹಂಚಿದ್ದಾರೆ. ಯಾರು ಯಾವ ವಲಯ ಎಂಬುದನ್ನು ಭೂಪಟವೇ ಹೇಳುತ್ತದೆ. ಮೈಸೂರು ವಿಶ್ವವಿದ್ಯಾನಿಲಯವು 'ಇನ್ನು ಮೇಲೆ ನಾನು ಉತ್ತರ ವಲಯದಲ್ಲಿ ಆಡುತ್ತೇನೆ, ಅಲ್ಲಿ ದುಡ್ಡು ಜಾಸ್ತಿ' ಎಂದರೆ ಕೇಳಿದವರು ನಕ್ಕಾರು. ಅಮೆರಿಕದಲ್ಲಿ ಯಾರೂ ನಗುವುದಿಲ್ಲ. ಅಲ್ಲಿ ವಿಶ್ವವಿದ್ಯಾನಿಲಯಗಳು ತಾವೇ ಗುಂಪು ಕಟ್ಟಿಕೊಂಡು ಒಕ್ಕೂಟ ಮಾಡಿಕೊಳ್ಳುತ್ತವೆ. ಅದಕ್ಕೆ 'ಕಾನ್ಫರೆನ್ಸ್' ಎಂದು ಹೆಸರು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಸೇರಲು ಅಡ್ಡಿಯಿಲ್ಲ.

ಹಿಂದೆ ಈ ಒಕ್ಕೂಟಗಳೂ ನೆರೆಹೊರೆಯ ಲೆಕ್ಕದಲ್ಲೇ ಹುಟ್ಟಿದ್ದವು. 1915ರ ಡಿಸೆಂಬರಿನಲ್ಲಿ ಪೋರ್ಟ್‌ಲ್ಯಾಂಡ್ ನಗರದಲ್ಲಿ ಪೆಸಿಫಿಕ್ ಕರಾವಳಿಯ ನಾಲ್ಕು ವಿದ್ಯಾಸಂಸ್ಥೆಗಳು ಕೂಡಿ ಒಂದನ್ನು ಸ್ಥಾಪಿಸಿದವು. 1917ರಲ್ಲಿ ವಾಷಿಂಗ್ಟನ್ ಸ್ಟೇಟ್, ಮರುವರ್ಷ ಸ್ಟ್ಯಾನ್‌ಫರ್ಡ್ ಸೇರಿದವು. 1959ರಲ್ಲಿ ಒಮ್ಮೆ ಜಗಳವಾಡಿ ಮನೆ ಒಡೆದು, ಮತ್ತೆ ಕಟ್ಟಿಕೊಂಡರು. ಸದಸ್ಯರು ಹೆಚ್ಚಿದಂತೆ ಹೆಸರು ಪ್ಯಾಕ್-8, ಪ್ಯಾಕ್-10 ಎಂದು ಬೆಳೆದು 2011ರಲ್ಲಿ ಪ್ಯಾಕ್-12 ಆಯಿತು. ಎಲ್ಲ ಆಟಗಳೂ ಸೇರಿ ಐನೂರಕ್ಕೂ ಹೆಚ್ಚು ರಾಷ್ಟ್ರೀಯ ತಂಡ ಪ್ರಶಸ್ತಿಗಳನ್ನು ಇದರ ಸದಸ್ಯರು ಗೆದ್ದಿದ್ದರು. 'ಚಾಂಪಿಯನ್ನರ ಒಕ್ಕೂಟ' ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದುದರಲ್ಲಿ ತಪ್ಪೇನೂ ಇರಲಿಲ್ಲ.

ಈ ಹನ್ನೆರಡರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾನಿಲಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇದು ಇರುವುದು ರಾಜಧಾನಿ ವಾಷಿಂಗ್ಟನ್ನಿನಲ್ಲಲ್ಲ, ದೇಶದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ. ಗೋಧಿ ಹೊಲಗಳ ನಡುವಿನ ಪುಲ್‌ಮನ್ ಎಂಬ ಊರು. 1890ರಲ್ಲಿ ಕೃಷಿ ಕಾಲೇಜಾಗಿ ಹುಟ್ಟಿದ ಸಂಸ್ಥೆ. ಊರಿನ ಜನಸಂಖ್ಯೆ ಸುಮಾರು 33 ಸಾವಿರ. ಅದರ ಫುಟ್‌ಬಾಲ್ ಮೈದಾನದಲ್ಲಿ ಕೂರುವಷ್ಟು ಜಾಗವೂ ಸುಮಾರು ಅಷ್ಟೇ. ಊರಿಗೆ ಊರೇ ಬಂದು ಕುಳಿತರೂ ಎಲ್ಲರಿಗೂ ಸೀಟು ಸಿಕ್ಕೀತು!

ಈ ಹಳ್ಳಿಗಾಡಿನ ಕಾಲೇಜಿನ ಓಟದ ಅಂಗಳ ಜಗತ್ತಿಗೆ ಕೊಟ್ಟದ್ದು ಕಡಿಮೆಯಲ್ಲ. ಕೀನ್ಯಾದಿಂದ ಬಂದು ಇಲ್ಲಿ ಓದುತ್ತಿದ್ದ ಹೆನ್ರಿ ರೋನೊ 1978ರಲ್ಲಿ 81 ದಿನಗಳೊಳಗೆ ನಾಲ್ಕು ವಿಶ್ವದಾಖಲೆಗಳನ್ನು ಮುರಿದರು. ಮೊದಲನೆಯದು, 5,000 ಮೀಟರ್, ಬರ್ಕ್‌ಲಿಯಲ್ಲಿ. ಎರಡನೆಯದು, 3,000 ಮೀಟರ್ ಸ್ಟೀಪಲ್‌ಚೇಸ್, ಸಿಯಾಟಲ್‌ನಲ್ಲಿ. ಎರಡೂ ಅದೇ ಒಕ್ಕೂಟದ ನೆರೆಯವರ ಊರುಗಳು. ಲೋಕಪ್ರಸಿದ್ಧನಾಗಲು ಅವರು ತುಂಬ ದೂರ ಹೋಗಬೇಕಾಗಿರಲಿಲ್ಲ, ಪಕ್ಕದ ಮನೆಯ ಅಂಗಳವೇ ಸಾಕಾಗಿತ್ತು.

ಹಾಗಾದರೆ ಕೆಟ್ಟದ್ದು ಎಲ್ಲಿ? ಬೇರು 1984ರಲ್ಲಿದೆ. ಅದಕ್ಕೆ ಮುಂಚೆ ಕಾಲೇಜು ಫುಟ್‌ಬಾಲ್ ಪಂದ್ಯಗಳ ಟೀವಿ ಹಕ್ಕು ಪೂರ್ತಿಯಾಗಿ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘದ, ಅಂದರೆ ಎನ್‌ಸಿಎಎಯ, ಕೈಯಲ್ಲಿತ್ತು. ಯಾರ ಪಂದ್ಯ ಎಷ್ಟು ಸಲ ಟೀವಿಯಲ್ಲಿ ಬರಬೇಕೆಂಬುದನ್ನು ಅದೇ ತೀರ್ಮಾನಿಸುತ್ತಿತ್ತು. ಓಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾನಿಲಯಗಳು ಕೋರ್ಟಿಗೆ ಹೋದವು. ಇದು ಏಕಸ್ವಾಮ್ಯ, ಕಾನೂನಿಗೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟು 7-2ರ ಬಹುಮತದಿಂದ ತೀರ್ಪು ಕೊಟ್ಟಿತು. ತೀರ್ಪು ನ್ಯಾಯವಾದದ್ದೇ ಇರಬಹುದು. ಆದರೆ ಅಂದಿನಿಂದ ಒಕ್ಕೂಟಗಳು ತಮ್ಮ ಪಂದ್ಯಗಳನ್ನು ತಾವೇ ಮಾರತೊಡಗಿದವು. ಮಾರಾಟಕ್ಕೆ ನಿಂತ ಮೇಲೆ ಒಳ್ಳೆಯ ನೆರೆಯವನು ಯಾರು ಎಂಬ ಪ್ರಶ್ನೆ ಹಿಂದೆ ಸರಿದು, ಹೆಚ್ಚು ಟೀವಿ ಪ್ರೇಕ್ಷಕರನ್ನು ತರುವವನು ಯಾರು ಎಂಬ ಪ್ರಶ್ನೆ ಮುಂದೆ ಬಂತು.

2011ರಲ್ಲಿ ಪ್ಯಾಕ್-12 ಹನ್ನೆರಡು ವರ್ಷಕ್ಕೆ ಸುಮಾರು 300 ಕೋಟಿ ಡಾಲರಿನ ಟೀವಿ ಒಪ್ಪಂದ ಮಾಡಿಕೊಂಡಾಗ ಎಲ್ಲರೂ ಹುಬ್ಬೇರಿಸಿದ್ದರು. ಹತ್ತು ವರ್ಷ ಕಳೆಯುವುದರೊಳಗೆ ಬಿಗ್ ಟೆನ್ ಎಂಬ ಒಕ್ಕೂಟದ ಆದಾಯದ ಮುಂದೆ ಅದು ಚಿಲ್ಲರೆಯಾಗಿ ಕಂಡಿತು. 2022ರ ಜೂನ್ 30ರಂದು ಲಾಸ್ ಏಂಜಲೀಸಿನ ಎರಡು ವಿಶ್ವವಿದ್ಯಾನಿಲಯಗಳು, ಯುಎಸ್‌ಸಿ ಮತ್ತು ಯುಸಿಎಲ್‌ಎ, ತಾವು 2024ರಿಂದ ಬಿಗ್ ಟೆನ್ ಸೇರುತ್ತೇವೆಂದು ಪ್ರಕಟಿಸಿದವು. ಆ ಆಗಸ್ಟಿನಲ್ಲೇ ಬಿಗ್ ಟೆನ್ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮೀರಿದ ಒಪ್ಪಂದಕ್ಕೆ ಸಹಿ ಹಾಕಿತು.

ಮುಂದಿನ ವರ್ಷ ಪ್ಯಾಕ್-12ರ ಸ್ವಂತ ಒಪ್ಪಂದ ಮುಗಿಯುತ್ತ ಬಂತು, ಹೊಸದಕ್ಕೆ ತೃಪ್ತಿಯಾಗುವಂಥ ಬೆಲೆ ಬರಲಿಲ್ಲ. 2023ರ ಜುಲೈ ಕೊನೆಗೆ ಕೊಲರಾಡೊ ಹೊರಟಿತು. ಆಗಸ್ಟ್ 4ರಂದು ಒಂದೇ ದಿನ ಐದು ಹೊರಟವು: ಒರೆಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ಗೆ, ಅರಿಜೋನ, ಅರಿಜೋನ ಸ್ಟೇಟ್, ಯೂಟ ಬಿಗ್ ಟ್ವೆಲ್ವ್‌ಗೆ. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್‌ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಗಳಿಗೆ ಅಟ್ಲಾಂಟಿಕ್ ಕರಾವಳಿ ಒಕ್ಕೂಟದ ಬಾಗಿಲು ತೆರೆಯಿತು, ಅದೂ ಮೊದಲ ಏಳು ವರ್ಷ ಟೀವಿ ಹಣದಲ್ಲಿ ಶೇಕಡಾ 30ರಷ್ಟು ಪಾಲಿಗೆ ಒಪ್ಪಿಕೊಂಡು. ಪೆಸಿಫಿಕ್ ಸಾಗರದ ದಂಡೆಯವರು ಅಟ್ಲಾಂಟಿಕ್ ಕರಾವಳಿಯ ಸದಸ್ಯರಾದರು. ಇನ್ನು ಬಿಗ್ ಟೆನ್‌ನಲ್ಲಿ 2024ಕ್ಕೆ ಇದ್ದ ಸದಸ್ಯರು 18, ಬಿಗ್ ಟ್ವೆಲ್ವ್‌ನಲ್ಲಿ 16. ಇಷ್ಟೊಂದು ವಿಶ್ವವಿದ್ಯಾನಿಲಯಗಳು ಸೇರಿಯೂ ಎಣಿಸಲು ಬಾರದೆ ಹೋಯಿತಲ್ಲ!

ಹೋದವರನ್ನು ದೂರುವುದು ಸುಲಭ. ಅವರಿಗೂ ಅವರ ಕಷ್ಟ ಇತ್ತು. ಯುಸಿಎಲ್‌ಎ ಕ್ರೀಡಾ ಇಲಾಖೆಗೆ ಹತ್ತು ಕೋಟಿ ಡಾಲರಿಗೂ ಮೀರಿದ ಕೊರತೆ ಇತ್ತು. ಟೀವಿ ಹಣ ಬಂದರೆ ಸಣ್ಣ ಆಟಗಳನ್ನು ಮುಚ್ಚದೆ ಉಳಿಸಿಕೊಳ್ಳಬಹುದು ಎಂಬುದು ಅವರ ವಾದ. ಅಂದರೆ ಡಿಸ್ಕಸ್ ಎಸೆಯುವವನ ಹೆಸರು ಹೇಳಿಯೇ ಫುಟ್‌ಬಾಲ್ ಊರು ಬಿಟ್ಟಿತು.

ಈ ವಾದದಲ್ಲಿ ಒಂದು ಬಿರುಕಿದೆ. ಫುಟ್‌ಬಾಲ್ ತಂಡ ಆಡುವುದು ವರ್ಷಕ್ಕೆ ಹನ್ನೆರಡು ಪಂದ್ಯದ ಆಸುಪಾಸು, ಬಹುತೇಕ ಶನಿವಾರ, ಅರ್ಧದಷ್ಟು ಸ್ವಂತ ಮೈದಾನದಲ್ಲಿ. ಅದಕ್ಕೆ ದೂರ ಅಷ್ಟೇನೂ ಭಾರವಲ್ಲ. ಆದರೆ ಅದರ ಬಾಲ ಹಿಡಿದು ಹೊರಟ ವಾಲಿಬಾಲ್, ಸಾಫ್ಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ತಂಡಗಳು ವಾರದ ನಡುವೆಯೂ ಆಡಬೇಕು. ಲಾಸ್ ಏಂಜಲೀಸಿನಿಂದ ಅದೇ ಒಕ್ಕೂಟದ ನ್ಯೂಜೆರ್ಸಿಯ ರಟ್ಗರ್ಸ್‌ಗೆ ಹೋಗುವುದೆಂದರೆ ಬೆಂಗಳೂರಿನಿಂದ ದೆಹಲಿಗಿರುವ ವಿಮಾನದ ದೂರದ ಎರಡು ಪಟ್ಟಿಗೂ ಹೆಚ್ಚು. ಗಡಿಯಾರದಲ್ಲಿ ಮೂರು ಗಂಟೆಯ ವ್ಯತ್ಯಾಸ. ರಾತ್ರಿ ಆಡಿ, ವಿಮಾನದಲ್ಲಿ ತೂಕಡಿಸಿ, ಬೆಳಿಗ್ಗೆ ರಸಾಯನಶಾಸ್ತ್ರದ ಕ್ಲಾಸಿಗೆ ಬಂದು ಕುಳಿತ ಹುಡುಗಿಗೆ ಟೀವಿ ಒಪ್ಪಂದದ ಮೊತ್ತ ಹೇಳಿ ಪ್ರಯೋಜನವೇನು? ಕ್ಯಾಲಿಫೋರ್ನಿಯದ ಆಡಳಿತ ಮಂಡಳಿಗೂ ಇದು ಗೊತ್ತಿತ್ತು. 2022ರ ಡಿಸೆಂಬರಿನಲ್ಲಿ ಯುಸಿಎಲ್‌ಎಗೆ ಒಪ್ಪಿಗೆ ಕೊಡುವಾಗ ಊಟ, ಪ್ರಯಾಣ, ಓದಿನ ನೆರವು, ಮಾನಸಿಕ ಆರೋಗ್ಯಕ್ಕೆ ಹೆಚ್ಚು ಖರ್ಚು ಮಾಡಬೇಕೆಂದು ಷರತ್ತು ಹಾಕಿತು. ಗಾಯವಾಗುವುದು ಖಚಿತವೆಂದು ಮೊದಲೇ ಮುಲಾಮು ಕೊಂಡಂತೆ!

ಇತ್ತ ಪುಲ್‌ಮನ್‌ನಲ್ಲಿ ಏನಾಯಿತು? ಹನ್ನೆರಡು ಮನೆಯ ಬೀದಿಯಲ್ಲಿ ಉಳಿದದ್ದು ಎರಡೇ ಮನೆ: ವಾಷಿಂಗ್ಟನ್ ಸ್ಟೇಟ್ ಮತ್ತು ಒರೆಗಾನ್ ಸ್ಟೇಟ್. ಎರಡೂ ಸಣ್ಣ ಊರಿನ ಸಂಸ್ಥೆಗಳು, ಟೀವಿಯವರ ಕಣ್ಣಿಗೆ ಬೀಳದವು. ಒಕ್ಕೂಟದಿಂದ ವರ್ಷಕ್ಕೆ ಮೂರು ಕೋಟಿ ಡಾಲರಿಗೂ ಹೆಚ್ಚು ಬರುತ್ತಿದ್ದ ಪಾಲಿನ ಆಸರೆ ತಪ್ಪಿತು. 2023ರಲ್ಲಿ ಇಲ್ಲಿ ಆಡಿದ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ವಾರ್ಡ್ ಮಯಾಮಿಗೆ ಹೋಗಿ, 2025ರಲ್ಲಿ ವೃತ್ತಿಪರ ಫುಟ್‌ಬಾಲಿನ ಆಯ್ಕೆಯಲ್ಲಿ ಮೊದಲಿಗರಾದರು. ಆ ಹೊತ್ತಿಗೆ ಆಟಗಾರರು ಕಾಲೇಜು ಬದಲಿಸುವ ನಿಯಮ ಸಡಿಲವಾಗಿತ್ತು. ಬಡವಾದ ಮನೆಯಲ್ಲಿ ಬೆಳೆದ ಗಿಡದ ಹಣ್ಣು ಶ್ರೀಮಂತರ ತಟ್ಟೆ ಸೇರುವುದು ಸುಲಭವಾಗಿತ್ತು. 2025ರ ಋತುವಿನಲ್ಲಿ ಆಡಲು ಬೇರೆ ನೆರೆಯವರಿಲ್ಲದೆ ಈ ಎರಡು ತಂಡಗಳು ನವೆಂಬರ್ ತಿಂಗಳೊಂದರಲ್ಲೇ ಎರಡು ಸಲ ಒಬ್ಬರನ್ನೊಬ್ಬರು ಎದುರಿಸಿದವು.

2025ರ ಜೂನಿನಲ್ಲಿ ಇನ್ನೊಂದು ಸುದ್ದಿ ಬಂತು. ಅಮೆರಿಕದ ವಿಶ್ವವಿದ್ಯಾನಿಲಯಗಳು ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡಬಹುದೆಂಬ ಒಪ್ಪಂದಕ್ಕೆ ನ್ಯಾಯಾಲಯ ಒಪ್ಪಿಗೆ ಕೊಟ್ಟಿತ್ತು. ಮೊದಲ ವರ್ಷಕ್ಕೆ ಮಿತಿ ಎರಡು ಕೋಟಿ ಐದು ಲಕ್ಷ ಡಾಲರ್. ಹೊಸ ಖರ್ಚು ಬಂತು, ಹಳೆಯ ಆದಾಯ ಹೋಗಿತ್ತು. ಅದೇ ತಿಂಗಳು ವಾಷಿಂಗ್ಟನ್ ಸ್ಟೇಟ್ ತನ್ನ ಅಥ್ಲೆಟಿಕ್ಸ್ ತಂಡವನ್ನು ದೂರದ ಓಟಕ್ಕೆ ಒತ್ತು ಕೊಡುವಂತೆ ಬದಲಿಸಿ, ಎಸೆತ ಮತ್ತು ಜಿಗಿತದ ಸ್ಪರ್ಧೆಗಳನ್ನು ಕೈಬಿಟ್ಟಿತು. ರೋನೊ ಓಡಿದ ಅಂಗಳದಲ್ಲಿ ಓಟಕ್ಕೆ ಹೇಗೋ ಜಾಗ ಉಳಿಯಿತು. ಡಿಸ್ಕಸ್ಸಿಗೆ ಉಳಿಯಲಿಲ್ಲ.

ಹಾಗೆಂದು ಉಳಿದ ಇಬ್ಬರು ತಲೆಯ ಮೇಲೆ ಕೈಹೊತ್ತು ಕೂರಲಿಲ್ಲ. ಒಕ್ಕೂಟದ ಆಸ್ತಿ, ಅಧಿಕಾರ ಯಾರದೆಂದು ಕೋರ್ಟಿಗೆ ಹೋಗಿ ಗೆದ್ದರು. 2024ರ ಸೆಪ್ಟೆಂಬರಿನಲ್ಲಿ, 1900ರಿಂದ ಎದುರಾಳಿಯಾಗಿದ್ದ ಸಿಯಾಟಲ್‌ನ ವಾಷಿಂಗ್ಟನ್ ತಂಡವನ್ನು ಅದರ ಊರಿನಲ್ಲೇ 24-19ರಿಂದ ಸೋಲಿಸಿದ ದಿನ ಪುಲ್‌ಮನ್‌ನವರ ಸಂತೋಷ ಹೇಗಿತ್ತೆಂದು ಊಹಿಸಿಕೊಳ್ಳಿ. ಒರೆಗಾನ್ ಸ್ಟೇಟ್ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ 2024ರಲ್ಲಿ ರಾಷ್ಟ್ರದ ಕೊನೆಯ ಎಂಟರೊಳಗೆ ಬಂದಿತ್ತು. ಆಮೇಲೆ ಮುಖ್ಯ ಆಟಗಾರ್ತಿಯರು ಹಲವರು ಬೇರೆಡೆಗೆ ಹೊರಟುಹೋದರು. ಉಳಿದವರನ್ನೂ ಹೊಸಬರನ್ನೂ ಸೇರಿಸಿ ಕಟ್ಟಿದ ತಂಡ 2025ರ ಮಾರ್ಚಿನಲ್ಲಿ, ಆಗ ಆಶ್ರಯ ಕೊಟ್ಟಿದ್ದ ವೆಸ್ಟ್ ಕೋಸ್ಟ್ ಒಕ್ಕೂಟದ ಪ್ರಶಸ್ತಿ ಗೆದ್ದು ಮತ್ತೆ ರಾಷ್ಟ್ರೀಯ ಪಂದ್ಯಾವಳಿಗೆ ಹೋಯಿತು. 2026ರ ಜುಲೈಯಿಂದ ಪ್ಯಾಕ್-12ಕ್ಕೆ ಸೇರಲು ಬಾಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್, ಗೊಂಜಾಗ ಮೊದಲಾದ ಸಂಸ್ಥೆಗಳು ಒಪ್ಪಿದವು. ಗೊಂಜಾಗ ಇರುವುದು ಪುಲ್‌ಮನ್‌ನಿಂದ ಬಸ್ಸಿನಲ್ಲೇ ಹೋಗಿ ಬರುವ ದೂರದಲ್ಲಿ. ಕಳೆದುಹೋದ ನೆರೆಹೊರೆಯನ್ನು ಮತ್ತೆ ಕಟ್ಟುವ ಕೆಲಸ ಹೀಗೆ ಶುರುವಾಯಿತು.

ಇದಕ್ಕೆ ಮದ್ದಿಲ್ಲವೆ? ಫುಟ್‌ಬಾಲನ್ನು ಪ್ರತ್ಯೇಕ ಮಾಡಿ, ಅದು ಎಲ್ಲಿಗಾದರೂ ಹೋಗಿ ದುಡಿಯಲಿ, ಉಳಿದ ಆಟಗಳು ನೆರೆಯವರೊಂದಿಗೇ ಇರಲಿ ಎಂದು 2023ರ ಕೊನೆಯಲ್ಲಿ ಹೇಳಿದವರು ಬೇರೆ ಯಾರೂ ಅಲ್ಲ, ಯುಸಿಎಲ್‌ಎಯ ಆಗಿನ ಫುಟ್‌ಬಾಲ್ ಕೋಚ್ ಚಿಪ್ ಕೆಲ್ಲಿ. ದುಡಿಯುವ ಮಗ ದೂರದೂರಿನಿಂದ ಮನಿಯಾರ್ಡರ್ ಕಳಿಸಲಿ. ಮನೆಮಂದಿಯೆಲ್ಲ ಅವನ ಹಿಂದೆ ಗಂಟುಮೂಟೆ ಕಟ್ಟುವುದೇಕೆ? ಮಾತು ಸರಳವಾಗಿದೆ, ಸರಿಯಾಗಿಯೂ ಇದೆ.

ಅಮೆರಿಕದ ಕ್ರೀಡಾ ವಿದ್ಯಾರ್ಥಿವೇತನದ ಕಡೆ ಕಣ್ಣಿಟ್ಟಿರುವ ಮಕ್ಕಳು, ತಂದೆತಾಯಿಗಳು ಇಂದು ನಮ್ಮಲ್ಲೂ ಇದ್ದಾರೆ. ಅವರಿಗೆ ಒಂದು ಮಾತು. ಕರೆ ಬಂದಾಗ ಹಿಗ್ಗುವುದು ಸಹಜ. ಹಿಗ್ಗಿದ ಮೇಲೆ ಕೂತು ನಾಲ್ಕು ಪ್ರಶ್ನೆ ಕೇಳಿ. ಈ ತಂಡ ಯಾವ ಒಕ್ಕೂಟದಲ್ಲಿದೆ? ಪಂದ್ಯಗಳಿಗಾಗಿ ವರ್ಷಕ್ಕೆ ಎಷ್ಟು ದಿನ ಕ್ಲಾಸು ತಪ್ಪುತ್ತದೆ? ಈ ಆಟವನ್ನು ವಿಶ್ವವಿದ್ಯಾನಿಲಯ ನಾಳೆ ನಿಲ್ಲಿಸಿದರೆ ವಿದ್ಯಾರ್ಥಿವೇತನ ಪದವಿ ಮುಗಿಯುವವರೆಗೆ ನಡೆಯುತ್ತದೆಯೆ? ಅದನ್ನು ಕಾಗದದಲ್ಲಿ ಬರೆದುಕೊಡುತ್ತಾರೆಯೆ? ಇಷ್ಟನ್ನೂ ಕೇಳಿದ ಮೇಲೆ ಕೊನೆಯ ಪ್ರಶ್ನೆಯನ್ನು ನಿಮ್ಮನ್ನೇ ಕೇಳಿಕೊಳ್ಳಿ: ಆಟ ಇಲ್ಲದಿದ್ದರೂ ಈ ಕಾಲೇಜಿನಲ್ಲಿ ಓದಲು ನನಗೆ ಮನಸ್ಸಿದೆಯೆ?

ಮನಸ್ಸಿದೆ ಎನ್ನುವುದಾದರೆ ಧೈರ್ಯವಾಗಿ ಹೊರಡಿ. ಒಕ್ಕೂಟ ಒಡೆದರೂ, ಟೀವಿಯವರು ಕೈಬಿಟ್ಟರೂ, ಓದಿದ್ದು ಮಾತ್ರ ನಿಮ್ಮ ಜೊತೆಗೇ ಇರುತ್ತದೆ.